ವೋಟರ್ ಐಡಿ ಇದೆ, ಪಟ್ಟಿಯಲ್ಲಿ ಹೆಸರಿಲ್ಲ: ‘ಚಾಲೆಂಜ್ ವೋಟ್’ ಕೇಳಿದರೆ ಮತ ಹಾಕಲು ಬಿಡುತ್ತಾರೆಯೇ?

ಚುನಾವಣೆ ಹತ್ತಿರ ಬಂತೆಂದರೆ ವಾಟ್ಸಾಪ್ ಗುಂಪುಗಳಿಗೆ ತಪ್ಪದೆ ಬರುವ ಸಂದೇಶವೊಂದಿದೆ. ಅದು ಹೇಳುವುದು ಇಷ್ಟು. ಮತಗಟ್ಟೆಗೆ ಹೋದಾಗ ಪಟ್ಟಿಯಲ್ಲಿ ನಿಮ್ಮ ಹೆಸರು ಇಲ್ಲದಿದ್ದರೆ ಆಧಾರ್ ಅಥವಾ ವೋಟರ್ ಐಡಿ ತೋರಿಸಿ, ಸೆಕ್ಷನ್ 49ಎ ಪ್ರಕಾರ ‘ಚಾಲೆಂಜ್ ವೋಟ್’ ಕೇಳಿ ಮತ ಹಾಕಿ. ನಿಮ್ಮ ಮತವನ್ನು ಬೇರೆಯವರು ಹಾಕಿಬಿಟ್ಟಿದ್ದರೆ ‘ಟೆಂಡರ್ ವೋಟ್’ ಕೇಳಿ. ಒಂದು ಮತಗಟ್ಟೆಯಲ್ಲಿ ಶೇ. 14ಕ್ಕಿಂತ ಹೆಚ್ಚು ಟೆಂಡರ್ ವೋಟ್ ಬಿದ್ದರೆ ಅಲ್ಲಿ ಮರುಮತದಾನ ಆಗುತ್ತದೆ. ಕೊನೆಯಲ್ಲಿ ಎಂದಿನಂತೆ, ಎಲ್ಲರಿಗೂ ಕಳಿಸಿ ಎಂಬ ಮನವಿ.

2019ರ ಲೋಕಸಭಾ ಚುನಾವಣೆಯ ಹೊತ್ತಿಗೆ ಇದು ದೇಶದ ಹಲವು ಭಾಷೆಗಳಲ್ಲಿ ಓಡಾಡಿತು. ಸುಳ್ಳು ಎಂದು ಚುನಾವಣಾ ಆಯೋಗ ಹೇಳಿದ ಮೇಲೂ ನಿಲ್ಲಲಿಲ್ಲ. ಬೆಂಗಳೂರಿನ ಪಾಲಿಕೆ ಚುನಾವಣೆಯ ಮಾತು ಬಂದಾಗ ಇದೇ ಸಂದೇಶ ಮತ್ತೆ ಕೆಲಸಕ್ಕೆ ಬರುತ್ತದೆ. ಬೇರೆ ಫಾರ್ವರ್ಡ್‌ಗಳಿಗಿಂತ ಇದರ ಬಗ್ಗೆ ನಮಗೆ ಹೆಚ್ಚು ಆತಂಕ ಇರಲು ಕಾರಣವಿದೆ. ಇದನ್ನು ನಂಬಿದವರು ‘ಹೆಸರು ಇಲ್ಲದಿದ್ದರೂ ನಡೆಯುತ್ತದೆ’ ಎಂದು ನಿಶ್ಚಿಂತೆಯಿಂದ ಇರುತ್ತಾರೆ, ಪಟ್ಟಿ ನೋಡುವುದಿಲ್ಲ. ಮತದಾನದ ದಿನ ಗೊತ್ತಾಗುವ ಹೊತ್ತಿಗೆ ಮಾಡುವಂಥದ್ದು ಏನೂ ಉಳಿದಿರುವುದಿಲ್ಲ.

ಹಾಗಾದರೆ ನಿಯಮ ಏನು?

1961ರ ಚುನಾವಣೆ ನಡೆಸುವ ನಿಯಮಗಳಲ್ಲಿ 49ಎ ಎಂಬುದು ಇರುವುದು ನಿಜ. ಆದರೆ ಅದು ಹೇಳುವುದು ವಿದ್ಯುನ್ಮಾನ ಮತಯಂತ್ರದ ವಿನ್ಯಾಸದ ಬಗ್ಗೆ. ಯಂತ್ರಕ್ಕೆ ಒಂದು ಕಂಟ್ರೋಲ್ ಯೂನಿಟ್, ಒಂದು ಬ್ಯಾಲೆಟ್ ಯೂನಿಟ್ ಇರಬೇಕು ಎನ್ನುವಂಥ ಮಾತು. ಹೆಸರು ಇಲ್ಲದವರ ವಿಚಾರವೇ ಅಲ್ಲಿಲ್ಲ.

‘ಚಾಲೆಂಜ್’ ಎಂಬುದೂ ಇದೆ, ಆದರೆ ಫಾರ್ವರ್ಡ್ ಹೇಳಿದ್ದಕ್ಕೆ ತಲೆಕೆಳಗು. ಯಾರೋ ಒಬ್ಬರು ಮತ ಹಾಕಲು ಬಂದಾಗ, ‘ಇವರು ಪಟ್ಟಿಯಲ್ಲಿರುವ ಆ ವ್ಯಕ್ತಿಯಲ್ಲ’ ಎಂದು ಅಭ್ಯರ್ಥಿಯ ಏಜೆಂಟರು ಎರಡು ರೂಪಾಯಿ ಠೇವಣಿ ಇಟ್ಟು ಆಕ್ಷೇಪ ಎತ್ತಬಹುದು. ಮತಗಟ್ಟೆ ಅಧಿಕಾರಿ ಅಲ್ಲೇ ಸಂಕ್ಷಿಪ್ತ ವಿಚಾರಣೆ ಮಾಡಿ ತೀರ್ಮಾನಿಸುತ್ತಾರೆ. ಇದು 49ಜೆ. ಅಂದರೆ ಮತದಾರರ ಗುರುತನ್ನು ಬೇರೆಯವರು ಪ್ರಶ್ನಿಸುವ ವ್ಯವಸ್ಥೆ ಇದು. ಹೆಸರಿಲ್ಲದವರು ಮತ ಗಿಟ್ಟಿಸಿಕೊಳ್ಳುವ ದಾರಿಯಲ್ಲ.

ಮೂರನೆಯದಾದ ಟೆಂಡರ್ ವೋಟ್ ಮಾತ್ರ ಅರ್ಧ ಸರಿ. 49ಪಿ ಪ್ರಕಾರ, ಪಟ್ಟಿಯಲ್ಲಿ ನಿಮ್ಮ ಹೆಸರಿದ್ದು, ನೀವು ಬರುವಷ್ಟರಲ್ಲಿ ಬೇರೊಬ್ಬರು ನಿಮ್ಮ ಹೆಸರಿನಲ್ಲಿ ಮತ ಹಾಕಿಬಿಟ್ಟಿದ್ದರೆ, ಅಧಿಕಾರಿಯ ಪ್ರಶ್ನೆಗಳಿಗೆ ತೃಪ್ತಿಕರವಾಗಿ ಉತ್ತರಿಸಿದ ಮೇಲೆ ನಿಮಗೆ ಕಾಗದದ ಮತಪತ್ರ ಸಿಗುತ್ತದೆ. ಅದನ್ನು ಯಂತ್ರಕ್ಕಾಗಲಿ ಪೆಟ್ಟಿಗೆಗಾಗಲಿ ಹಾಕುವುದಿಲ್ಲ. ಪ್ರತ್ಯೇಕ ಲಕೋಟೆಯಲ್ಲಿ ಇಡುತ್ತಾರೆ. ಎಣಿಕೆಯ ದಿನ ಅದನ್ನು ಎಣಿಸುವುದಿಲ್ಲ. ಫಲಿತಾಂಶದ ಅಂತರ ತೀರಾ ಕಡಿಮೆಯಿದ್ದು ಸೋತವರು ನ್ಯಾಯಾಲಯಕ್ಕೆ ಹೋದರೆ ಆ ಲಕೋಟೆಗೆ ಬೆಲೆ ಬರಬಹುದು. ಇನ್ನು ಶೇ. 14ರ ಲೆಕ್ಕ ಯಾವ ನಿಯಮದಲ್ಲೂ ಇಲ್ಲ. ಯಾರು ಕೂತು ಅದನ್ನು 14 ಎಂದು ನಿಗದಿ ಮಾಡಿದರೋ! ಶೇ. 15 ಎಂದಿದ್ದರೆ ಅನುಮಾನ ಬರುತ್ತಿತ್ತೇನೋ.

ಇನ್ನೂ ಒಂದು ಮಾತು. 1961ರ ನಿಯಮಗಳು ಲೋಕಸಭೆ, ವಿಧಾನಸಭೆ ಚುನಾವಣೆಗಳಿಗೆ ಸಂಬಂಧಿಸಿದವು. ಪಾಲಿಕೆ ಚುನಾವಣೆ ನಡೆಯುವುದು ರಾಜ್ಯದ ಕಾನೂನು ಮತ್ತು ನಿಯಮಗಳ ಪ್ರಕಾರ. ಹಾಗಾಗಿ ಮತಗಟ್ಟೆಯಲ್ಲಿ ನಿಂತು ‘49ಎ ಕೊಡಿ’ ಎಂದು ವಾದಿಸುವವರು ಒಂದಲ್ಲ, ಎರಡು ಸಲ ತಪ್ಪುತ್ತಾರೆ.

ಕಾರ್ಡ್ ಬೇರೆ, ಪಟ್ಟಿ ಬೇರೆ

ವೋಟರ್ ಐಡಿ ಎಂಬ ಹೆಸರೇ ಸ್ವಲ್ಪ ದಾರಿ ತಪ್ಪಿಸುತ್ತದೆ. ಅದು ಗುರುತಿನ ಚೀಟಿ ಅಷ್ಟೇ. ಮತದ ಹಕ್ಕು ಬರುವುದು ಮತದಾರರ ಪಟ್ಟಿಯಲ್ಲಿ ಹೆಸರಿರುವುದರಿಂದ. ಮದುವೆ ಛತ್ರದ ಬಾಗಿಲಲ್ಲಿ ಆಧಾರ್ ತೋರಿಸಿದರೆ ನೀವು ಯಾರು ಎಂದು ಗೊತ್ತಾಗುತ್ತದೆ, ನಿಮ್ಮನ್ನು ಕರೆದಿದ್ದಾರೋ ಇಲ್ಲವೋ ಗೊತ್ತಾಗುವುದಿಲ್ಲವಲ್ಲ, ಹಾಗೆ. ಪಟ್ಟಿಯಲ್ಲಿ ಹೆಸರಿದ್ದು ಕಾರ್ಡ್ ಕಳೆದುಹೋಗಿದ್ದರೆ ಮತ ಹಾಕಬಹುದು. ಆಧಾರ್, ಪಾಸ್‌ಪೋರ್ಟ್, ಡ್ರೈವಿಂಗ್ ಲೈಸೆನ್ಸ್‌ನಂಥ ಬೇರೆ ಗುರುತಿನ ದಾಖಲೆಗಳನ್ನು ಒಪ್ಪುತ್ತಾರೆ. ಅಂಥ ದಾಖಲೆಗಳ ಪಟ್ಟಿಯನ್ನು ಆಯೋಗ ಚುನಾವಣೆಗೆ ಮುಂಚೆ ಪ್ರಕಟಿಸುತ್ತದೆ. ಹೊಳೆಯುವ ಹೊಸ ಕಾರ್ಡ್ ಕೈಯಲ್ಲಿದ್ದು ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಮಾತ್ರ ಮತ ಹಾಕಲು ಆಗುವುದಿಲ್ಲ. ಪಕ್ಷದವರು ಮನೆಗೆ ತಂದುಕೊಡುವ ಚೀಟಿಯೂ ಅಷ್ಟೆ. ಅದರಿಂದ ಕ್ರಮಸಂಖ್ಯೆ ಬೇಗ ಸಿಗುತ್ತದೆ, ಗುರುತು ಸಾಬೀತಾಗುವುದಿಲ್ಲ.

‘ಕಳೆದ ವಿಧಾನಸಭೆಗೆ ಹಾಕಿದ್ದೆ, ಈಗಲೂ ಹೆಸರು ಇದ್ದೇ ಇರುತ್ತದೆ’ ಎನ್ನುವುದು ಪಾಲಿಕೆ ಚುನಾವಣೆಯಲ್ಲಿ ಸಾಮಾನ್ಯವಾಗಿ ಕೇಳುವ ಮಾತು. ಇರಬಹುದು, ಆದರೆ ಎಲ್ಲಿ ಎಂಬುದು ಪ್ರಶ್ನೆ. ಲೋಕಸಭೆ, ವಿಧಾನಸಭೆ ಚುನಾವಣೆ ನಡೆಸುವುದು ಭಾರತ ಚುನಾವಣಾ ಆಯೋಗ. ಪಾಲಿಕೆ, ಪಂಚಾಯಿತಿ ಚುನಾವಣೆ ನಡೆಸುವುದು ಕರ್ನಾಟಕ ರಾಜ್ಯ ಚುನಾವಣಾ ಆಯೋಗ. ಎರಡೂ ಬೇರೆ ಬೇರೆ ಸಂಸ್ಥೆಗಳು. ರಾಜ್ಯ ಆಯೋಗ ಮನೆಮನೆಗೆ ಹೋಗಿ ಹೊಸದಾಗಿ ಪಟ್ಟಿ ಮಾಡುವುದಿಲ್ಲ. ವಿಧಾನಸಭೆಯ ಪಟ್ಟಿಯನ್ನೇ ತೆಗೆದುಕೊಂಡು ಅದರಲ್ಲಿರುವ ಹೆಸರುಗಳನ್ನು ವಾರ್ಡ್‌ಗಳಿಗೆ ಹಂಚುತ್ತದೆ. ಕರಡು ಪ್ರಕಟವಾಗುತ್ತದೆ, ಆಕ್ಷೇಪಣೆಗೆ ಕೆಲವು ದಿನ ಕೊಡುತ್ತಾರೆ, ಆಮೇಲೆ ಅಂತಿಮ ಪಟ್ಟಿ.

ಹೀಗೆ ಹಂಚುವಾಗಲೇ ಎಡವಟ್ಟು ಆಗುವುದು. ಅದರಲ್ಲೂ ನಮ್ಮ ಪಶ್ಚಿಮ ಬೆಂಗಳೂರಿನಲ್ಲಿ ಅದಕ್ಕೆ ಅವಕಾಶ ಹೆಚ್ಚು. ಬಸವೇಶ್ವರನಗರದ ಒಂದೇ ಬೀದಿಯಲ್ಲಿ ಒಂದು ಮನೆಯವರು ‘ಬಸವೇಶ್ವರನಗರ 2ನೇ ಹಂತ’ ಎಂದು ವಿಳಾಸ ಬರೆದರೆ ಪಕ್ಕದ ಮನೆಯವರು ‘ವೆಸ್ಟ್ ಆಫ್ ಕಾರ್ಡ್ ರೋಡ್’ ಎಂದು ಬರೆಯುತ್ತಾರೆ. ಒಂದೇ ಮನೆಗೆ ಹಳೆ ನಂಬರ್, ಹೊಸ ನಂಬರ್ ಎರಡೂ ಇರುತ್ತವೆ. ರಾಜಾಜಿನಗರದಲ್ಲಿ ಬ್ಲಾಕ್ ಬದಲಾದರೆ ಮುಖ್ಯರಸ್ತೆ, ಅಡ್ಡರಸ್ತೆಗಳ ಸಂಖ್ಯೆ ಮತ್ತೆ ಮೊದಲಿನಿಂದ ಬರುತ್ತವೆ. ವಾರ್ಡ್‌ನ ಗಡಿ ರಸ್ತೆಯ ನಡುವೆಯೇ ಹಾದುಹೋದರೆ ಎದುರು ಮನೆಯವರು ಬೇರೆ ವಾರ್ಡ್, ನೀವು ಬೇರೆ ವಾರ್ಡ್. ಒಂದೇ ಮನೆಯ ಗಂಡನ ಹೆಸರು ಒಂದು ಕಡೆ, ಹೆಂಡತಿಯ ಹೆಸರು ಇನ್ನೊಂದು ಕಡೆ ಸೇರಿಹೋಗುವುದು ಸಾಧ್ಯ.

ನಿಮ್ಮ ವೋಟರ್ ಐಡಿಯ ಹಿಂಬದಿ ನೋಡಿ. ಅಲ್ಲಿ ವಿಧಾನಸಭಾ ಕ್ಷೇತ್ರದ ಹೆಸರು ಇರುತ್ತದೆ: 165 ರಾಜಾಜಿನಗರ, 166 ಗೋವಿಂದರಾಜನಗರ, 167 ವಿಜಯನಗರ, ಹೀಗೆ. ವಾರ್ಡ್‌ನ ಹೆಸರು ಇರುವುದಿಲ್ಲ. ಕೆಂಗೇರಿಯವರ ಕಾರ್ಡ್‌ನಲ್ಲಿ ‘ಯಶವಂತಪುರ’ ಎಂದಿರುವುದನ್ನು ನೋಡಿ ಗಾಬರಿಯಾಗುವವರಿದ್ದಾರೆ. ಅದು ಸರಿಯಾಗಿಯೇ ಇದೆ, 153ನೇ ಕ್ಷೇತ್ರದ ಹೆಸರು ಅದು. ಬಿಬಿಎಂಪಿಯ 198 ವಾರ್ಡ್‌ಗಳಿದ್ದಾಗ ಯಶವಂತಪುರ ಎಂಬ ಹೆಸರಿನ ವಾರ್ಡ್ ಇದ್ದದ್ದು ರಾಜರಾಜೇಶ್ವರಿನಗರ ಕ್ಷೇತ್ರದಲ್ಲಿ. ಕ್ಷೇತ್ರದ ಹೆಸರನ್ನು ನೋಡಿ ಊರನ್ನು ಊಹಿಸಲು ಹೋಗಬೇಡಿ.

‘ನಮ್ಮ ವಾರ್ಡ್ 100’ ಎನ್ನುವವರಿಗೆ

198 ವಾರ್ಡ್‌ಗಳ ಲೆಕ್ಕ ಇನ್ನೂ ಜನರ ತಲೆಯಲ್ಲಿದೆ. ರಾಜಾಜಿನಗರ 99, ಬಸವೇಶ್ವರನಗರ 100, ವಿಜಯನಗರ 123, ಕೆಂಗೇರಿ 159. ಹಳೆಯ ಬೋರ್ಡ್‌ಗಳಲ್ಲಿ, ಬಡಾವಣೆ ಸಂಘಗಳ ಲೆಟರ್‌ಹೆಡ್‌ಗಳಲ್ಲಿ ಈ ಸಂಖ್ಯೆಗಳು ಸಿಗುತ್ತವೆ. ಈ ಲೆಕ್ಕದಲ್ಲಿ ನಡೆದದ್ದು ಎರಡೇ ಚುನಾವಣೆ: 2010ರ ಮಾರ್ಚ್ 28 ಮತ್ತು 2015ರ ಆಗಸ್ಟ್ 22. ಒಂದು ಭಾನುವಾರ, ಇನ್ನೊಂದು ಶನಿವಾರ. ಎರಡರಲ್ಲೂ ಮತ ಹಾಕಿದವರು ಅರ್ಧಕ್ಕಿಂತ ಕಡಿಮೆ.

2015ರಲ್ಲಿ ಆಯ್ಕೆಯಾದವರ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಪಾಲಿಕೆಯ ಅವಧಿ ಐದು ವರ್ಷ, ಅದು ಮುಗಿಯುವ ಮುನ್ನವೇ ಚುನಾವಣೆ ಆಗಬೇಕು ಎಂದು ಸಂವಿಧಾನದ 243ಯು ವಿಧಿ ಸ್ಪಷ್ಟವಾಗಿ ಹೇಳುತ್ತದೆ. ಆಗಲಿಲ್ಲ. 2020ರ ಡಿಸೆಂಬರ್ 4ರಂದು ಹೈಕೋರ್ಟ್ ಚುನಾವಣೆ ನಡೆಸಲು ಆದೇಶಿಸಿತು. ಅದೇ ತಿಂಗಳ 18ರಂದು ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಅಷ್ಟರಲ್ಲಿ ಬಿಬಿಎಂಪಿಗೆಂದೇ ಹೊಸ ಕಾಯ್ದೆ ಬಂತು. ವಾರ್ಡ್‌ಗಳು 243 ಎಂದಾಯಿತು, ಆಮೇಲೆ 225 ಎಂದಾಯಿತು. ಆ ಎರಡು ಲೆಕ್ಕಗಳಲ್ಲಿ ಒಂದು ಮತವೂ ಬೀಳಲಿಲ್ಲ. ಮುಂದೆ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಬಂದು, 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಜಾಗದಲ್ಲಿ ಐದು ಪಾಲಿಕೆಗಳಾದವು: ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ. ಅದೇ ವರ್ಷ ನವೆಂಬರ್‌ನ ಅಧಿಸೂಚನೆಯಂತೆ ಒಟ್ಟು 369 ವಾರ್ಡ್. ಐದರಲ್ಲಿ ಹೆಚ್ಚು ವಾರ್ಡ್ ಇರುವುದು ಬೆಂಗಳೂರು ಪಶ್ಚಿಮ ನಗರ ಪಾಲಿಕೆಯಲ್ಲೇ, 112.

ಕೆಂಗೇರಿಯ ಹಿರಿಯರಿಗೆ ಇದು ಮೂರನೇ ಮನೆ. 2007ರವರೆಗೆ ಕೆಂಗೇರಿಗೆ ತನ್ನದೇ ಪುರಸಭೆ ಇತ್ತು. ಏಳು ನಗರಸಭೆ, 110 ಹಳ್ಳಿಗಳ ಜೊತೆ ಅದೂ ಬಿಬಿಎಂಪಿಗೆ ಸೇರಿತು. ಈಗ ಪಶ್ಚಿಮ ಪಾಲಿಕೆ. ವಿಳಾಸ ಬದಲಾಗಲಿಲ್ಲ, ಮತ ಹಾಕುವ ಪಾಲಿಕೆ ಮಾತ್ರ ಬದಲಾಗುತ್ತಲೇ ಹೋಯಿತು.

ಹಾಗಾಗಿ ಯಾರಾದರೂ ‘ನಿಮ್ಮ ವಾರ್ಡ್‌ನ ಮತಗಟ್ಟೆಗಳ ಪಟ್ಟಿ’ ಎಂದು ಪಿಡಿಎಫ್ ಕಳಿಸಿದರೆ ಮೊದಲು ನೋಡಬೇಕಾದದ್ದು ಅದರ ಮೇಲಿರುವ ಪಾಲಿಕೆಯ ಹೆಸರು ಮತ್ತು ವರ್ಷ. ‘ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ’ ಎಂದಿದ್ದರೆ ಅದು ಹಳೆಯದು. ವಿಧಾನಸಭೆಗೆ ಮತ ಹಾಕಿದ ಶಾಲೆಯೇ ಈ ಸಲವೂ ಮತಗಟ್ಟೆ ಆಗಿರುತ್ತದೆ ಎಂದೂ ಅಂದುಕೊಳ್ಳಬೇಡಿ.

ಹೀಗೆ 2015ರ ನಂತರ ಹತ್ತು ವರ್ಷ ಈ ಊರಿನವರು ಕಾರ್ಪೊರೇಟರ್‌ಗೆ ಮತ ಹಾಕಲಿಲ್ಲ. ಆಗ ಹದಿನೇಳು ವರ್ಷದವರಾಗಿದ್ದ ವಿಜಯನಗರದ ಹುಡುಗ ಹುಡುಗಿಯರು ಮನೆಯ ಮುಂದಿನ ಚರಂಡಿ, ಬೀದಿದೀಪ, ಕಸದ ಗಾಡಿಯ ಬಗ್ಗೆ ಕೇಳಲು ತಾವೇ ಆರಿಸಿದ ಒಬ್ಬರೂ ಇಲ್ಲದೆ ಇಪ್ಪತ್ತೇಳು ದಾಟಿದರು. ಮೇಯರ್ ಇಲ್ಲ, ಸ್ಥಾಯಿ ಸಮಿತಿ ಇಲ್ಲ; ಅವರೆಲ್ಲರ ಅಧಿಕಾರ ಸರ್ಕಾರ ನೇಮಿಸಿದ ಆಡಳಿತಾಧಿಕಾರಿಯ ಕೈಯಲ್ಲಿ. (ಮೇಯರ್‌ಗೆ ನಾವು ನೇರವಾಗಿ ಮತ ಹಾಕುತ್ತೇವೆ ಎಂಬುದೂ ತಪ್ಪು ಕಲ್ಪನೆಯೇ. ನಾವು ಆರಿಸುವುದು ವಾರ್ಡ್‌ನ ಸದಸ್ಯರನ್ನು, ಮೇಯರನ್ನು ಆರಿಸುವುದು ಪಾಲಿಕೆ ಸಭೆ.)

ಸೈಟ್ ಇದ್ದವರಿಗೋ, ಬಾಡಿಗೆಗೆ ಇದ್ದವರಿಗೋ?

‘ಬಾಡಿಗೆದಾರರಿಗೆ ಇಲ್ಲಿ ಮತ ಇಲ್ಲ, ಮಾಲೀಕರ ಒಪ್ಪಿಗೆ ಪತ್ರ ಬೇಕು’ ಎಂಬ ಮಾತು ನಮ್ಮ ಕಡೆ ಬಹಳ ಬಲವಾಗಿದೆ. ಕಾನೂನು ಹೇಳುವುದು ಹೆಚ್ಚುಕಡಿಮೆ ಇದಕ್ಕೆ ವಿರುದ್ಧ. 1950ರ ಜನಪ್ರತಿನಿಧಿ ಕಾಯ್ದೆಯ ಪ್ರಕಾರ, 18 ತುಂಬಿದ ಭಾರತೀಯ ನಾಗರಿಕರು ಸಾಮಾನ್ಯವಾಗಿ ವಾಸ ಮಾಡುವ ಜಾಗದಲ್ಲಿ ಮತದಾರರಾಗುತ್ತಾರೆ. ಒಂದು ಊರಿನಲ್ಲಿ ಮನೆ ಅಥವಾ ಜಾಗದ ಮಾಲೀಕತ್ವ ಇದೆ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಅಲ್ಲಿನ ನಿವಾಸಿ ಎಂದು ಪರಿಗಣಿಸುವಂತಿಲ್ಲ ಎಂದು ಅದರ 20ನೇ ಸೆಕ್ಷನ್ ಹೇಳುತ್ತದೆ. ಅಂದರೆ ಕೆಂಗೇರಿಯಲ್ಲಿ ಸೈಟ್ ಕೊಂಡು ಮಲ್ಲೇಶ್ವರದಲ್ಲಿ ವಾಸವಿರುವವರು ಕೆಂಗೇರಿಯ ಮತದಾರರಲ್ಲ. ಕೆಂಗೇರಿಯ ಒಂದು ಕೋಣೆಯಲ್ಲಿ ಬಾಡಿಗೆಗಿರುವ ಮಂಡ್ಯದವರು, ಕಲಬುರಗಿಯವರು ಅಲ್ಲಿ ಹೆಸರು ನೋಂದಾಯಿಸಿಕೊಂಡರೆ ಮತದಾರರು.

ಹಾಸ್ಟೆಲ್, ಪಿಜಿಗಳಲ್ಲಿರುವ ವಿದ್ಯಾರ್ಥಿಗಳಿಗೆ ಆಯ್ಕೆ ಇದೆ. ಊರಿನ ಪಟ್ಟಿಯಲ್ಲಿ ಇರಬಹುದು, ಇಲ್ಲವೇ ಓದುವ ಜಾಗದಲ್ಲಿ ಸೇರಬಹುದು. ಎರಡೂ ಕಡೆ ಇರುವಂತಿಲ್ಲ. ‘ಅಲ್ಲೊಂದು ಇರಲಿ, ಇಲ್ಲೊಂದು ಇರಲಿ’ ಎಂದು ಎರಡು ಕಡೆ ಹೆಸರಿಟ್ಟುಕೊಳ್ಳುವುದನ್ನು ಅದೇ ಕಾಯ್ದೆಯ 17 ಮತ್ತು 18ನೇ ಸೆಕ್ಷನ್ ನಿಷೇಧಿಸುತ್ತವೆ. ನೋಂದಣಿಗೆ ಗೊತ್ತಿದ್ದೂ ಸುಳ್ಳು ಘೋಷಣೆ ಕೊಟ್ಟರೆ ಒಂದು ವರ್ಷದವರೆಗೆ ಜೈಲು ಶಿಕ್ಷೆಗೆ ಅವಕಾಶ ಇದೆ. ಮನೆ ಬದಲಾಯಿಸಿದವರು ಹೊಸದಾಗಿ ಫಾರಂ 6 ತುಂಬಬೇಕಿಲ್ಲ, ತುಂಬಲೂಬಾರದು. ಅದು ಮೊದಲ ಸಲ ಸೇರುವವರಿಗೆ. ವಿಳಾಸ ಬದಲಾವಣೆಗೆ, ತಿದ್ದುಪಡಿಗೆ 2022ರ ಆಗಸ್ಟ್‌ನಿಂದ ಫಾರಂ 8. ಹೆಸರು ತೆಗೆಸಲು ಫಾರಂ 7. ಮೊದಲೆಲ್ಲ ಜನವರಿ 1ಕ್ಕೆ 18 ತುಂಬಿದ್ದರೆ ಮಾತ್ರ ಆ ವರ್ಷದ ಪಟ್ಟಿಗೆ ಸೇರಿಸುತ್ತಿದ್ದರು. ಈಗ ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಕೂಡ ಲೆಕ್ಕಕ್ಕೆ ಬರುತ್ತವೆ. ಹದಿನೇಳು ತುಂಬಿದವರು ಮುಂಚಿತವಾಗಿಯೇ ಅರ್ಜಿ ಕೊಟ್ಟಿರಬಹುದು.

ಹಾಗಾಗಿ ನೀವು ಮಾಡಬೇಕಾದ ಕೆಲಸ ಎರಡು. ವಿಧಾನಸಭೆಯ ಪಟ್ಟಿಯಲ್ಲಿ ಹೆಸರಿದೆಯೇ ಎಂದು ಚುನಾವಣಾ ಆಯೋಗದ ಮತದಾರರ ಪೋರ್ಟಲ್‌ನಲ್ಲಿ ಎಪಿಕ್ ಸಂಖ್ಯೆ ಹಾಕಿ ನೋಡುವುದು, ಇಲ್ಲವೇ 1950ಕ್ಕೆ ಕರೆ ಮಾಡುವುದು. ಅಲ್ಲಿ ಇಲ್ಲದಿದ್ದರೆ ವಾರ್ಡ್ ಪಟ್ಟಿಯಲ್ಲಿ ಇರುವ ಸಾಧ್ಯತೆ ಇಲ್ಲವೆನ್ನಿ, ಮೊದಲು ಅದನ್ನು ಸರಿಪಡಿಸಿಕೊಳ್ಳಿ. ಆಮೇಲೆ ವಾರ್ಡ್ ಪಟ್ಟಿ. ಇದನ್ನು ರಾಜ್ಯ ಚುನಾವಣಾ ಆಯೋಗ ಮತ್ತು ಪಾಲಿಕೆ ಪ್ರಕಟಿಸುತ್ತವೆ. ನಿಮ್ಮ ಹೆಸರೊಂದನ್ನೇ ಹುಡುಕಿ ಬಿಡಬೇಡಿ, ಮನೆಯ ಎಲ್ಲರ ಹೆಸರನ್ನೂ ನೋಡಿ. ಕರಡು ಪಟ್ಟಿಯ ಹಂತದಲ್ಲಿ ತಪ್ಪು ಕಂಡರೆ ಆಕ್ಷೇಪಣೆ ಕೊಡುವುದು ಸುಲಭ. ಅಂತಿಮ ಪಟ್ಟಿ ಬಂದ ಮೇಲೆ ಅಷ್ಟು ಸುಲಭವಲ್ಲ. ಮತದಾನದ ದಿನವಂತೂ ಮತಗಟ್ಟೆ ಅಧಿಕಾರಿಗೆ ಹೆಸರು ಸೇರಿಸುವ ಅಧಿಕಾರವೇ ಇಲ್ಲ. ಅವರ ಮೇಲೆ ಕೂಗಾಡಿ ಪ್ರಯೋಜನವಿಲ್ಲ.

‘ಒಂದು ಮತದಿಂದ ಏನಾಗುತ್ತದೆ’ ಎನ್ನುವವರಿಗೆ ಎರಡು ಲೆಕ್ಕ ಕೊಡುತ್ತೇವೆ. 2004ರಲ್ಲಿ ಸಂತೇಮರಹಳ್ಳಿ ವಿಧಾನಸಭಾ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಗೆಲುವಿನ ಅಂತರ 16. ಇವೆರಡೂ ಇಡೀ ವಿಧಾನಸಭಾ ಕ್ಷೇತ್ರಗಳು. ಪಾಲಿಕೆಯ ವಾರ್ಡ್ ಅದರ ಒಂದು ತುಂಡು.

ಇನ್ನು ಕೆಲವು ಫಾರ್ವರ್ಡ್‌ಗಳು

‘ಮತ ಹಾಕದಿದ್ದರೆ ಬ್ಯಾಂಕ್ ಖಾತೆಯಿಂದ 350 ರೂಪಾಯಿ ಕಡಿತ, ಆಧಾರ್ ಮೂಲಕ ಪತ್ತೆ’ ಎಂಬುದು ಇನ್ನೊಂದು ಹಳೆಯ ಗಿರಾಕಿ. 2019ರಲ್ಲಿ ಹಿಂದಿ ಪತ್ರಿಕೆಯೊಂದು ಹೋಳಿ ಹಬ್ಬಕ್ಕೆಂದು ಪ್ರಕಟಿಸಿದ ತಮಾಷೆಯ ಸುದ್ದಿ ಅದು. ತಮಾಷೆ ಎಂಬ ಸಾಲು ಕತ್ತರಿಸಿಹೋಗಿ ಫೋಟೊ ಮಾತ್ರ ಊರೂರು ಸುತ್ತಿತು. ಅಂಥ ದಂಡ ಎಲ್ಲೂ ಇಲ್ಲ. ಕರ್ನಾಟಕ 2015ರಲ್ಲಿ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಮತದಾನ ಕಡ್ಡಾಯ ಎಂದು ಕಾನೂನು ತಿದ್ದಿತ್ತು, ಆದರೆ ಹಾಕದವರಿಗೆ ದಂಡ ಇಡಲಿಲ್ಲ.

ಮಹಿಳೆಯರಿಗೆ ಮೀಸಲಾದ ವಾರ್ಡ್‌ನಲ್ಲಿ ಹೆಂಗಸರಷ್ಟೇ ಮತ ಹಾಕಬೇಕೇ ಎಂದೂ ಕೇಳುವವರಿದ್ದಾರೆ. ಇಲ್ಲ. ಮೀಸಲಾತಿ ಅಭ್ಯರ್ಥಿಗೆ, ಮತದಾರರಿಗಲ್ಲ.

ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ಮತಯಂತ್ರದ ಬದಲು ಮತಪತ್ರ ಬಳಸುವಂತೆ ರಾಜ್ಯ ಸಚಿವ ಸಂಪುಟ 2025ರ ಸೆಪ್ಟೆಂಬರ್‌ನಲ್ಲಿ ಶಿಫಾರಸು ಮಾಡಿತು. ಯಂತ್ರವನ್ನಷ್ಟೇ ನೋಡಿರುವ ಯುವಜನರಿಗೆ ಒಂದು ಸೂಚನೆ: ಕಾಗದದಲ್ಲಿ ಮತ ಕೆಡುವ ಸಾಧ್ಯತೆ ಇದೆ. ಕೊಟ್ಟ ಮೊಹರನ್ನೇ ಬಳಸಿ, ಒಬ್ಬರ ಎದುರು ಮಾತ್ರ ಒತ್ತಿ. ಇಬ್ಬರಿಗೆ ಒತ್ತಿದರೆ, ಅಥವಾ ಗುರುತು ಹತ್ತುವಂತೆ ಹೆಸರು, ಸಹಿ ಬರೆದರೆ ಆ ಮತ ಅಸಿಂಧು. ಮಡಿಸುವಾಗ ಹಸಿ ಮೊಹರು ಇನ್ನೊಬ್ಬರ ಚಿಹ್ನೆಗೆ ಅಂಟದಂತೆ ನೋಡಿಕೊಳ್ಳಿ.

ಕೊನೆಗೆ ಶಾಯಿ. ನಿಂಬೆಹಣ್ಣು, ಟೂತ್‌ಪೇಸ್ಟ್ ಹಚ್ಚಿ ಉಜ್ಜಿದರೆ ಹೋಗುತ್ತದೆ ಎಂಬ ವಿಡಿಯೊಗಳನ್ನು ನಂಬಿ ಬೆರಳು ಕೆರೆದುಕೊಳ್ಳಬೇಡಿ. ಇದು ನಮ್ಮ ಮೈಸೂರಿನದೇ ಸರಕು. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಶುರುವಾದ, ಈಗ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಎಂಬ ಹೆಸರಿನ ಸರ್ಕಾರಿ ಕಾರ್ಖಾನೆ 1962ರ ಮಹಾಚುನಾವಣೆಯಿಂದ ಇದನ್ನು ತಯಾರಿಸುತ್ತಿದೆ. ಇದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದ ಮೇಲಿನ ಉಪ್ಪಿನ ಜೊತೆ ಸೇರಿ ನೀರಿನಲ್ಲಿ ಕರಗದ ಸಿಲ್ವರ್ ಕ್ಲೋರೈಡ್ ಆಗುತ್ತದೆ. ಬೆಳಕು ಬಿದ್ದಂತೆ ಅದು ಕಪ್ಪಾಗುತ್ತದೆ. ಶಾಯಿ ಹಚ್ಚಿದ ತಕ್ಷಣ ನೇರಳೆಯಾಗಿದ್ದದ್ದು ಸಂಜೆಗೆ ಇನ್ನಷ್ಟು ಗಾಢವಾಗಿ ಕಾಣುವುದು ಅದಕ್ಕೇ. ಚರ್ಮದ ಮೇಲಿನದು ಆ ಪದರದ ಜೀವಕೋಶಗಳು ಉದುರಿದಾಗ, ಅಂದರೆ ಕೆಲವು ದಿನ ಅಥವಾ ವಾರಗಳಲ್ಲಿ ಹೋಗುತ್ತದೆ. ಉಗುರಿನದು ಹಾಗಲ್ಲ. ಕೈ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ, ಆದ್ದರಿಂದ ಬುಡದಲ್ಲಿ ಬಿದ್ದ ಗೆರೆ ತುದಿಗೆ ಬಂದು ನೀವು ಕತ್ತರಿಸಿ ಎಸೆಯುವಷ್ಟರಲ್ಲಿ ನಾಲ್ಕಾರು ತಿಂಗಳಾಗಿರುತ್ತದೆ.